ಶಾಲು, ಹಾರ ಮತ್ತೆ ಒಂದು ಪಿಪಿಟಿ

ಹುಣ್ಣಿಮೆಗೆ ಊರಿಗೆ ಹೋಗೋಕೆ ಟಿಕೆಟ್ ಬುಕ್ ಮಾಡಿದ ದಿನವೇ ಕಾಕಾನಿಂದ ವಾಟ್ಸಾಪ್‌ನಲ್ಲಿ ಒಂದು ಆಮಂತ್ರಣ ಬಂತು. ನಮ್ಮ ಕಡೆಯ ಒಂದು ವರ್ತಕರ ಸಂಘದ ವಾರ್ಷಿಕೋತ್ಸವ. ಸಂಘದ ಹೆಸರು ಬೇಡ. ಆ ಹೆಸರು ಅಳಿಸಿ ನಿಮ್ಮೂರ ಸಂಘದ್ದು ಹಾಕಿದರೂ ಕಾರ್ಡು ಹಾಗೇ ನಡೆಯುತ್ತೆ. ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ. ಎಣಿಸಿದೆ, ಮೂವತ್ತೊಂದು ಹೆಸರಿದ್ದವು. ತೀರಾ ಕೆಳಗೆ, ಊಟದ ವ್ಯವಸ್ಥೆಯ ಸಾಲಿಗಿಂತ ಸಣ್ಣ ಅಕ್ಷರದಲ್ಲಿ: 'ಮುಂದಿನ ಐದು ವರ್ಷಗಳ ಬೆಳವಣಿಗೆ ಯೋಜನೆಯ ಮಂಡನೆ'.

ನಾನು ಬೆಂಗಳೂರಲ್ಲಿ ಹೊಟ್ಟೆ ಹೊರೆಯೋದೇ ಇಂಥ ಐದು ವರ್ಷದ ಯೋಜನೆಗಳನ್ನು ಪಿಪಿಟಿಯಲ್ಲಿ ಜೋಡಿಸಿ. ಕುತೂಹಲ ತಡೀಲಿಲ್ಲ, ಹೋದೆ.

ಕಾರ್ಯಕ್ರಮದ ಬಗ್ಗೆ ಮೊದಲು ಒಳ್ಳೇದು ಹೇಳಿಬಿಡ್ತೀನಿ. ಬೆಳಿಗ್ಗೆ ರಕ್ತದಾನ ಶಿಬಿರ ಇತ್ತು. ಅಂಗಡಿ ಹುಡುಗರು ಸಾಲು ಹಚ್ಚಿ ನಿಂತು ರಕ್ತ ಕೊಟ್ಟರು. ಸರ್ಕಾರಿ ಶಾಲೆ ಮಕ್ಕಳಿಗೆ ನೋಟ್‌ಬುಕ್ ಕೊಟ್ಟರು. ಬಂದವರಿಗೆಲ್ಲ ಮಜ್ಜಿಗೆ. ಕೊರೊನಾ ಕಾಲದಲ್ಲಿ ಇದೇ ಜನ ದಿನಸಿ ಕಿಟ್ ಹಂಚಿದ್ದರು, ಅದನ್ನು ನಾನೂ ನೋಡಿದೀನಿ. ಇವರಿಗೆ ಮನಸ್ಸಿಲ್ಲ ಅಂತ ನಾನು ಹೇಳಲ್ಲ.

ಆದರೆ ರಕ್ತದಾನ ಮುಗಿದದ್ದು ಹತ್ತೂವರೆಗೆ. ಆಮೇಲೆ ಶುರುವಾದ ಸನ್ಮಾನ ಮುಗಿದಾಗ ಎರಡು ದಾಟಿತ್ತು. ಹಳೆಯ ಅಧ್ಯಕ್ಷರಿಗೆ ಹೊಸ ಅಧ್ಯಕ್ಷರ ಶಾಲು, ಹೊಸಬರಿಗೆ ಹಳಬರ ಶಾಲು, ಇಬ್ಬರಿಗೂ ಸೇರಿ ಅತಿಥಿಗಳ ಶಾಲು. ಹಣ್ಣಿನ ಬುಟ್ಟಿ ವೇದಿಕೆಯ ಎಡಗಡೆಯಿಂದ ಬಲಗಡೆಗೆ ಹೋಗಿ ಹಿಂದುಗಡೆಯಿಂದ ವಾಪಸ್ ಬರ್ತಿತ್ತು. ಬೆಳಿಗ್ಗೆ ರಕ್ತ ಕೊಟ್ಟ ಹುಡುಗರಲ್ಲಿ ಒಬ್ಬನ ಹೆಸರನ್ನೂ ಮೈಕಿನಲ್ಲಿ ಕರೀಲಿಲ್ಲ. ಅವರು ಅಷ್ಟೊತ್ತಿಗೆ ಅಂಗಡಿಗೆ ಹೋಗಿ ಗಿರಾಕಿ ನೋಡ್ತಿದ್ದರು.

ಆಮೇಲೆ ಪಿಪಿಟಿ. ಹನ್ನೆರಡು ಸ್ಲೈಡು. ಸ್ವಾಗತ ಕಮಾನು, ಎಲ್‌ಇಡಿ ದೀಪ, ಫುಡ್ ಸ್ಟ್ರೀಟ್, ಶಾಪಿಂಗ್ ಉತ್ಸವ, ಮೊಬೈಲ್ ಆಪ್, ಸೆಲ್ಫಿ ಪಾಯಿಂಟ್. ಒಂಬತ್ತನೇ ಸ್ಲೈಡಿನ ಹೆಸರು 'ಯಾತ್ರಾ ಸ್ಥಳಗಳಲ್ಲಿ ರಸ್ತೆ ಬದಿಯ ಅವ್ಯವಸ್ಥೆ ತೆರವು'. ಜೊತೆಗೆ ಒಂದು ಫೋಟೋ: ಹುಲಿಗಿ, ಹುಣ್ಣಿಮೆ, ಗುಡಿ ದಾರಿ. ಎರಡೂ ಕಡೆ ಗೋಣಿಚೀಲ ಹಾಸಿಕೊಂಡು ಕೂತ ಹೆಣ್ಮಕ್ಕಳು. ಎಡಗಡೆ ನೀಲಿ ತಾಡಪಾಲಿನ ಕೆಳಗೆ, ಹಸಿರು ಬಳೆ, ಕುಂಕುಮ, ಭಂಡಾರದ ಪೊಟ್ಟಣ ಮುಂದಿಟ್ಟುಕೊಂಡು ಕೂತವಳು ನಮ್ಮ ಚಿಗವ್ವ.

ನಾನು ಕಾಕಾನ ಮುಖ ನೋಡಿದೆ. ಅವರೂ ಗುರುತು ಹಿಡಿದಿದ್ದರು. "ಅಕಿನ್ನ ತಗಿಯೂದಲ್ಲೋ ತಮ್ಮಾ, ಅದು ಬರೇ ಫೋಟೋ" ಅಂದರು.

ಈ ಬರಹ ಆ 'ಬರೇ ಫೋಟೋ'ದ ಮೇಲೆ.

ಹುಲಿಗಿ ಗೊತ್ತಿಲ್ಲದವರಿಗೆ ಎರಡು ಮಾತು. ಹೊಸಪೇಟೆಯಿಂದ ಕೊಪ್ಪಳದ ಕಡೆ ಬಂದರೆ ಮುನಿರಾಬಾದಿನ ಪಕ್ಕ, ತುಂಗಭದ್ರೆಯ ದಂಡೆ ಮೇಲಿರೋ ಊರು. ಹುಲಿಗೆಮ್ಮನ ಗುಡಿ ಮುಜರಾಯಿ ಇಲಾಖೆಯದು. ಮಂಗಳವಾರ, ಶುಕ್ರವಾರ ಜನ ಇರ್ತಾರೆ. ಹುಣ್ಣಿಮೆಗೆ ಊರೇ ಕಾಣಲ್ಲ, ಬರೀ ಜನ. ಬ್ಯಾಸಗಿ ಜಾತ್ರೆಯ ಮಾತು ಬಿಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಆದಮೇಲೆ ಗದ್ದಲ ಇನ್ನೂ ಹೆಚ್ಚಾಯ್ತು. ಕಾಗದದ ಮೇಲೆ ಇದು ಗ್ರಾಮ ಪಂಚಾಯ್ತಿ. ಹುಣ್ಣಿಮೆ ದಿನ ಇದು ನಗರ.

ಈ ನಗರದಲ್ಲಿ ವ್ಯಾಪಾರ ಮಾಡೋರು ಯಾರು? ಶಟರ್ ಇರೋ ಅಂಗಡಿಯವರು ಕೆಲವರು. ಉಳಿದವರು ನೆಲದ ಮೇಲೆ ಕೂತವರು. ಕಾಯಿ, ಕರ್ಪೂರ, ಬಾಳೆಹಣ್ಣು, ಬೆಂಡು ಬತ್ತಾಸು, ಪಡ್ಡಲಗಿ ತುಂಬೋ ಸಾಮಾನು, ಮಿರ್ಚಿ, ಮಂಡಾಳೊಗ್ಗರಣಿ. ಚಿಗವ್ವ ಹುಣ್ಣಿಮೆ ಹಿಂದಿನ ಸಂಜೆಯೇ ಬಂದು ಜಾಗ ಹಿಡೀತಾಳೆ. ಅವಳ ಮಾಲು ಎಲ್ಲಿಂದ ಬರುತ್ತೆ? ಹೋಲ್‌ಸೇಲ್ ಅಂಗಡಿಯಿಂದ, ಉದ್ರಿ ಮೇಲೆ. ಹುಣ್ಣಿಮೆ ಮುಗಿದ ಮೂರನೇ ದಿನ ಹೋಗಿ ಬಾಕಿ ಚುಕ್ತಾ ಮಾಡ್ತಾಳೆ. ಆ ಹೋಲ್‌ಸೇಲ್ ಅಂಗಡಿಯವರು ಸಂಘದ ಸದಸ್ಯರು. ಅಂದರೆ ಒಂಬತ್ತನೇ ಸ್ಲೈಡು ತೆರವು ಮಾಡೋಕೆ ಹೊರಟಿದ್ದು ಸಂಘದ ಸದಸ್ಯರದೇ ಗಿರಾಕಿಗಳನ್ನ. ನಮ್ಮ ಆಫೀಸಿನಲ್ಲಿ ಯಾರಾದ್ರೂ ಇಂಥ ಗ್ರೋತ್ ಪ್ಲ್ಯಾನ್ ತಂದಿದ್ದರೆ ಮೊದಲ ಪ್ರಶ್ನೆಗೇ ಮನೆಗೆ ಕಳಿಸ್ತಿದ್ದರು.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಣ್ಮಕ್ಕಳು ಅನ್ನುತ್ತೆ. ಆದರೆ ಅದು ಪಟ್ಟಣಗಳನ್ನು ಮನಸ್ಸಲ್ಲಿಟ್ಟು ಬರೆದ ಕಾಯ್ದೆ. ತಿಂಗಳಿಗೊಮ್ಮೆ ನಗರವಾಗಿ ಮರುದಿನ ಹಳ್ಳಿಯಾಗೋ ಹುಲಿಗಿಯಂಥ ಊರು ಅದರ ಲೆಕ್ಕಕ್ಕೆ ಸಿಗಲ್ಲ. ಕಾಯ್ದೆ ಕೈ ಬಿಟ್ಟ ಕಡೆ ಕೈ ಹಿಡಿಯೋಕೆ ತಾನೇ ಸಂಘ ಇರೋದು? ಅಲ್ಲೂ ಚಿಗವ್ವನಿಗೆ ಜಾಗ ಇಲ್ಲ. ಸದಸ್ಯತ್ವದ ಅರ್ಜಿಯಲ್ಲಿ ಮೊದಲ ಕಾಲಮ್ಮೇ ಟ್ರೇಡ್ ಲೈಸೆನ್ಸ್ ನಂಬರು.

ಸಂಘ ಅನ್ನೋದೇ ಹೀಗೆ, ಇದ್ದವರ ಕ್ಲಬ್ಬು ಅಂತ ಕೈ ತೊಳ್ಕೊಳ್ಳೋದು ಸುಲಭ. ಆದರೆ ಕನ್ನಡ ನಾಡಿಗೆ ವರ್ತಕರ ಸಂಘ ಹೊಸದೇನಲ್ಲ. ಅಯ್ಯಾವೊಳೆ ಐನೂರ್ವರು ನಮ್ಮ ಐಹೊಳೆಯ ಹೆಸರಿಟ್ಟುಕೊಂಡವರು. ಅವರ ಜಾಲ ತಮಿಳು ನಾಡು ದಾಟಿ ಸುಮಾತ್ರಾ ಮುಟ್ಟಿತ್ತು. ಅಲ್ಲಿನ ಬಾರುಸ್ ಹತ್ತಿರ 1088ರ ತಮಿಳು ಶಾಸನ ಸಿಕ್ಕಿದೆ. ಇವರು ಗುಡಿಗೋ ಬಸದಿಗೋ ದುಡ್ಡು ಕೊಡೋ ರೀತಿ ನನಗೆ ಇಷ್ಟ. ಒಬ್ಬ ಶ್ರೀಮಂತ ಎದ್ದು ನಿಂತು ದೇಣಿಗೆ ಘೋಷಿಸೋದಷ್ಟೇ ಅಲ್ಲ. ಎಲ್ಲರೂ ಸೇರಿ, ಇಂಥ ಸರಕಿನ ಹೇರಿಗೆ ಇಷ್ಟು, ಎಲೆಗೆ ಇಷ್ಟು, ಅಡಿಕೆಗೆ ಇಷ್ಟು ಅಂತ ತಮ್ಮ ಮೇಲೆ ತಾವೇ ಆಯ ಹಾಕಿಕೊಂಡು ಕಲ್ಲಲ್ಲಿ ಕೆತ್ತಿಸೋರು. ಬೆಳಗಾವಿಯ 1204ರ ಶಾಸನದಲ್ಲಿ ಹೀಗೆ ಬೇರೆ ಬೇರೆ ನಾಡಿನ ವರ್ತಕರು ಸೇರಿ ಬಸದಿಗೆ ಬಿಟ್ಟ ಆಯದ ಪಟ್ಟಿಯೇ ಇದೆ. ಹುಂಚದಲ್ಲಿ 11ನೇ ಶತಮಾನದ ಪಟ್ಟಣಸ್ವಾಮಿ ನೊಕ್ಕಯ್ಯ ಬಸದಿ ಕಟ್ಟಿಸಿದ್ದಲ್ಲದೆ ಕೆರೆಗಳನ್ನೂ ಕಟ್ಟಿಸಿದ. ಪಟ್ಟಣಸ್ವಾಮಿ ಅಂದರೆ ವರ್ತಕರ ಮುಖಂಡ, ಈಗಿನ ಭಾಷೆಯಲ್ಲಿ ಸಂಘದ ಅಧ್ಯಕ್ಷ.

ಅವರೇನೂ ಸಂತರಲ್ಲ. ಸರಕು ಕಾಯೋಕೆ ಆಯುಧ ಹಿಡಿದ ಜನ ಇಟ್ಟುಕೊಂಡವರು, ತಮ್ಮ ಲಾಭ ಬಿಟ್ಟುಕೊಟ್ಟವರಲ್ಲ. ನಾನು ಹೇಳ್ತಿರೋದು ಲೆಕ್ಕದ ಮಾತು. ದೇಣಿಗೆ ಕೊಟ್ಟವನ ಮನಸ್ಸು ಬದಲಾದರೆ ನಿಂತುಹೋಗುತ್ತೆ. ಆಯ ವ್ಯಾಪಾರ ನಡೆಯೋವರೆಗೂ ನಡೆಯುತ್ತೆ. ವ್ಯಾಪಾರ ಬೆಳೆದರೆ ಅದೂ ಬೆಳೆಯುತ್ತೆ.

ಇದು ಹಳೇ ಕಲ್ಲಿನ ಕತೆ ಅನ್ನಿಸಿದರೆ ಕೆನಡಾಕ್ಕೆ ಬನ್ನಿ. ಟೊರೊಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಅನ್ನೋ ಬೀದಿಯ ಅಂಗಡಿಕಾರರು ಮಾಲ್‌ಗಳಿಗೆ ಗಿರಾಕಿ ಕಳ್ಕೊಂಡು ಕಂಗಾಲಾಗಿದ್ದರು. 1970ರಲ್ಲಿ ಆ ಬೀದಿಯ ಪ್ರತಿ ವ್ಯಾಪಾರಿಯೂ ಕೊಡಲೇಬೇಕಾದ ಸಣ್ಣ ತೆರಿಗೆಯೊಂದನ್ನು ಹಾಕಿಕೊಂಡು, ಆ ದುಡ್ಡಲ್ಲಿ ಬೀದಿ ಸರಿಮಾಡಿದರು. ಆ ಮಾದರಿ ಈಗ ಎಷ್ಟೋ ದೇಶಗಳಲ್ಲಿದೆ. ನಮ್ಮ ಐನೂರ್ವರ ಬುದ್ಧಿಯೇ, ಅಂಗಿ ಬೇರೆ. ಆದರೆ ಆ ಮಾದರಿಯ ಮೇಲಿರೋ ದೂರೂ ನಮ್ಮ ಒಂಬತ್ತನೇ ಸ್ಲೈಡಿನದೇ: ಬೀದಿ ಚೆಂದ ಮಾಡೋ ಹುರುಪಿನಲ್ಲಿ ಬೀದಿಯಲ್ಲಿ ಕೂತವರನ್ನೇ ಎಬ್ಬಿಸೋದು. ಹಾಗಾಗಿ ದುಡ್ಡು ಹೇಗೆ ಕೂಡಿಸ್ತೀರಿ ಅನ್ನೋದರಷ್ಟೇ, ಯಾರು ಕೂತು ತೀರ್ಮಾನ ಮಾಡ್ತೀರಿ ಅನ್ನೋದೂ ಮುಖ್ಯ.

ಕಾರ್ಯಕ್ರಮಗಳ ವಿಷಯಕ್ಕೂ ದೂರ ಹೋಗಬೇಕಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ರೊಟ್ಟಿ ಬರುತ್ತೆ, ಟ್ರ್ಯಾಕ್ಟರ್‌ಗಟ್ಟಲೆ. ರೊಟ್ಟಿ ಬಡಿದ ಅವ್ವಂದಿರ ಹೆಸರು ಯಾವ ಕಾರ್ಡಿನಲ್ಲೂ ಇರಲ್ಲ, ಆದರೂ ಅದು ಅವರ ಕಾರ್ಯಕ್ರಮ. 2019ರಲ್ಲಿ ಅದೇ ಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಜನರನ್ನ ಕಟ್ಟಿಕೊಂಡು ಹಿರೇಹಳ್ಳದ ಹೂಳು, ಜಾಲಿ ತೆಗೆಸೋಕೆ ಇಳಿದರು. ಕಾರ್ಯಕ್ರಮ ಮುಗಿದ ಮೇಲೆ ಅಲ್ಲಿ ಒಂದು ಹಳ್ಳ ಉಳಿಯಿತು. ನಮ್ಮ ವಾರ್ಷಿಕೋತ್ಸವ ಮುಗಿದ ಮೇಲೆ ಉಳಿದದ್ದು ಮಜ್ಜಿಗೆಯ ಪ್ಲಾಸ್ಟಿಕ್ ಲೋಟ.

ಇನ್ನು ಬೆಳವಣಿಗೆ. ಆ ಹನ್ನೆರಡು ಸ್ಲೈಡಿನಲ್ಲಿ ನೀರು ಅನ್ನೋ ಶಬ್ದ ಒಂದೇ ಸಲ ಬಂತು, 'ಮ್ಯೂಸಿಕಲ್ ಫೌಂಟೇನ್' ಅನ್ನೋ ಕಡೆ. ಹುಲಿಗಿಯ ಮಗ್ಗುಲಿಗೇ ತುಂಗಭದ್ರಾ ಡ್ಯಾಂ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೇದರ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯ್ತಲ್ಲ, ತಾತ್ಕಾಲಿಕ ಗೇಟು ಕೂರಿಸೋವರೆಗೂ ಆ ವಾರ ಇಡೀ ಸೀಮೆ ಉಸಿರು ಹಿಡಿದು ಕೂತಿತ್ತು. ಕಾರಣ ಸರಳ. ನೀರಿಲ್ಲ ಅಂದರೆ ಭತ್ತ ಇಲ್ಲ, ಭತ್ತ ಇಲ್ಲ ಅಂದರೆ ಗಂಗಾವತಿಯ ರೈಸ್ ಮಿಲ್ ಇಲ್ಲ, ಮಿಲ್ಲಿಲ್ಲ ಅಂದರೆ ಹಮಾಲರ ಕೈಯಲ್ಲಿ ದುಡ್ಡಿಲ್ಲ, ಅವರ ಮನೆಯವರು ಹುಣ್ಣಿಮೆಗೆ ಬಂದರೂ ಬಳೆ ತೊಟ್ಟುಕೊಳ್ಳಲ್ಲ. ಚಿಗವ್ವನಿಗೆ ಈ ಸರಪಳಿ ಗೊತ್ತು. "ಕಾಲುವಿಗೆ ನೀರು ಬಿಟ್ಟ ವರ್ಷ ಬಳಿ ಹೋಗ್ತಾವ ನೋಡಪಾ" ಅಂತಾಳೆ. ಪಿಪಿಟಿಗೆ ಗೊತ್ತಿಲ್ಲ.

ಗಾಳಿಯ ಮಾತೂ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಕೊಪ್ಪಳದ ಬಲ್ಡೋಟಾ ಉಕ್ಕಿನ ಕಾರ್ಖಾನೆಯ ವಿಸ್ತರಣೆಗೆ ₹54 ಸಾವಿರ ಕೋಟಿ ಹೂಡಿಕೆ ಅಂತ ಘೋಷಣೆಯಾಯ್ತು. ಅದೇ ತಿಂಗಳ 24ಕ್ಕೆ ಕೊಪ್ಪಳ ಬಂದ್. ಸ್ವಾಮೀಜಿಯೇ ಬೀದಿಗಿಳಿದರು. ಮಾರ್ಚ್ ಮೊದಲಲ್ಲಿ ಮುಖ್ಯಮಂತ್ರಿ ಕೆಲಸ ನಿಲ್ಲಿಸೋಕೆ ಸೂಚಿಸಿದರು. ಕಾರ್ಖಾನೆ ಬೇಕೋ ಬೇಡವೋ ಅನ್ನೋದರ ಬಗ್ಗೆ ವರ್ತಕರಲ್ಲೇ ಎರಡು ಅಭಿಪ್ರಾಯ ಇರಬಹುದು, ಇರಲಿ. ಉದ್ಯೋಗದ ಮಾತು ಸುಳ್ಳಲ್ಲ, ಕಿಟಕಿ ಮೇಲೆ ಕೂರೋ ಕಪ್ಪು ಧೂಳಿನ ಮಾತೂ ಸುಳ್ಳಲ್ಲ. ನನ್ನ ತಕರಾರು ಇಷ್ಟೇ: ಇಡೀ ಊರು ಶಟರ್ ಇಳಿಸಿ ಕೇಳಿದ ಒಂದು ಪ್ರಶ್ನೆ, 'ಬೆಳೆಯೋದು ಅಂದರೆ ಏನು, ಯಾರಿಗೆ?', ಅದಕ್ಕೆ ಐದು ವರ್ಷದ ಯೋಜನೆಯಲ್ಲಿ ಒಂದು ಸಾಲಿನ ಉತ್ತರವೂ ಇಲ್ಲ. ವ್ಯಾಪಾರಿಗಳು ಸೇರಿದ ಅತಿ ದೊಡ್ಡ ಸಮುದಾಯ ಕಾರ್ಯಕ್ರಮ ನನ್ನ ಪ್ರಕಾರ ಆ ಬಂದ್. ಅಲ್ಲಿ ಹಾರ, ತುರಾಯಿ ಇರಲಿಲ್ಲ. ಅಂಗಡಿ ಮುಚ್ಚಿದವರು ಒಂದು ದಿನದ ಗಲ್ಲಾ ಬಿಟ್ಟಿದ್ದರು.

ಬರೀ ಬೈದು ಬೆಂಗಳೂರಿಗೆ ಬಸ್ ಹತ್ತೋದು ನಮ್ಮಂಥವರ ಚಟ. ನನಗೂ ಆ ಚಟ ಇದೆ, ಒಪ್ಕೋತೀನಿ. ಅದಕ್ಕೇ ಆ ರಾತ್ರಿ ಕಾಕಾನ ಪಡಸಾಲೆಯಲ್ಲಿ ಕೂತು ಒಂಬತ್ತನೇ ಸ್ಲೈಡು ಅಳಿಸಿ ಬೇರೆ ಬರೆದೆ. ನೆಲದ ವ್ಯಾಪಾರಿಗಳಿಗೆ ಸಹ ಸದಸ್ಯತ್ವ, ಲೈಸೆನ್ಸ್ ಬದಲು ಒಬ್ಬ ಹೋಲ್‌ಸೇಲರ್‌ನ ಸಹಿ ಸಾಕು. ಪ್ರತಿ ಹುಣ್ಣಿಮೆಗೆ ಗೆರೆ ಎಳೆದ ಜಾಗ, ನಡುವೆ ಆಂಬುಲೆನ್ಸ್ ಹೋಗುವಷ್ಟು ದಾರಿ. ಹೆಣ್ಮಕ್ಕಳಿಗೆ ರಾತ್ರಿಯಿಡೀ ತೆರೆದಿರೋ, ನೀರಿರೋ ಶೌಚಾಲಯ. ಯಾಕಂದ್ರೆ ಚಿಗವ್ವ ಜಾಗ ಬಿಟ್ಟೇಳಬಾರದು ಅಂತ ಸಂಜೆಯಿಂದ ನೀರು ಕುಡಿಯೋದೇ ನಿಲ್ಲಿಸ್ತಾಳೆ. ಇಷ್ಟಕ್ಕೆ ದುಡ್ಡು? ಹೇರಿಗಿಷ್ಟು. ಹುಣ್ಣಿಮೆ ಮಾಲಿನ ಪ್ರತಿ ಹೋಲ್‌ಸೇಲ್ ಬಿಲ್ಲಿನ ಮೇಲೆ ನೂರಕ್ಕೆ ಒಂದು ರೂಪಾಯಿ. ಚಿಗವ್ವನನ್ನ ಕೇಳಿದೆ, ಕೊಡ್ತೀಯಾ ಅಂತ. "ಕೂಡಾಕ ಜಾಗ ಖಾತ್ರಿ ಮಾಡಿದ್ರ ಎರಡು ಕೊಡ್ತೀನಿ" ಅಂದಳು.

ಕಾಕಾ ಸ್ಲೈಡನ್ನ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಛಲೋ ಐತಿ. ಆದ್ರ ಕಮಾನಿಗೆ ಆಗ್ಲೇ ಅಡ್ವಾನ್ಸ್ ಕೊಟ್ಟೀವಲ್ಲೋ" ಅಂದರು.

ಮುಂದಿನ ಸಭೆ ಬರೋ ಅಮಾವಾಸ್ಯೆ ಆದಮೇಲೆ. ಸ್ಲೈಡು ಕಾಕಾನ ಮೊಬೈಲಿನಲ್ಲಿದೆ. ಚಿಗವ್ವ ಈ ಸಲದ ಹುಣ್ಣಿಮೆಗೂ ಹಿಂದಿನ ಸಂಜೆಯೇ ಹೋಗಿ ತಾಡಪಾಲು ಕಟ್ಟುತ್ತಾಳೆ.