ಮಖಮಲ್ಲಿನ ಕೃಷ್ಣದೇವರಾಯ

ಉತ್ಸವದ ಮೆರವಣಿಗೆಯಲ್ಲಿ ಕೃಷ್ಣದೇವರಾಯನ ವೇಷ ಬಂದರೆ ಸಾಕು, 'ಗತವೈಭವ ಮರುಕಳಿಸಿತು' ಎಂದು ಬರೆದುಬಿಡುತ್ತೇವೆ. ಕೆಂಪು ಮಖಮಲ್ಲಿನ ಅಂಗಿ, ಎದೆ ತುಂಬ ಚಮಕಿ, ರಟ್ಟಿನ ಕಿರೀಟ, ಮೂತಿ ಬಾಗಿದ ಜೋಡು. ಇವೆಲ್ಲ ನಾಟಕ ಕಂಪನಿಗಳ ಆಸ್ತಿ. ರಾತ್ರಿಯ ದೀಪದಲ್ಲಿ ಕೊನೆಯ ಸಾಲಿನವನಿಗೂ ರಾಜ ಎದ್ದು ಕಾಣಬೇಕಿತ್ತು, ಕಂಪನಿಯವರು ಮಖಮಲ್ಲು ತೊಡಿಸಿದರು, ಸರಿಯಾಗಿಯೇ ಮಾಡಿದರು. ಅದನ್ನೇ ಇತಿಹಾಸವೆಂದು ಹಾಡುಹಗಲಲ್ಲಿ ಹಂಪಿಯ ಕಲ್ಲುಗಳ ಮುಂದೆ ನಿಲ್ಲಿಸುವುದಕ್ಕೆ ನನ್ನ ತಕರಾರು.

1520ರ ಸುಮಾರಿಗೆ ರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟದ್ದು ಚಿನ್ನದ ಗುಲಾಬಿಗಳ ಕಸೂತಿ ಹಾಕಿದ ಬಿಳಿ ಬಟ್ಟೆ, ಜರಿಯ ಟೋಪಿ, ಬರಿಗಾಲು. ಲೇಪಾಕ್ಷಿಯ ವೀರಭದ್ರ ದೇವಾಲಯದ ಛಾವಣಿಯ ಚಿತ್ರಗಳಲ್ಲೂ ಆ ಶತಮಾನದ ದೊರೆತನದ ಜನ ಕಬಾಯಿ ಎಂಬ ತೆಳುವಾದ ಬಿಳಿ ನಿಲುವಂಗಿ, ಕುಳ್ಳಾಯಿ ಎಂಬ ಎತ್ತರದ ಟೋಪಿ ತೊಟ್ಟು ನಿಂತಿದ್ದಾರೆ.

ಈ ಕಬಾಯಿಯನ್ನು ಹೊಲಿಯುವುದರಲ್ಲೇ ಕಸುಬಿನ ಪರೀಕ್ಷೆ. ಈಗಿನ ಟೈಲರ್ ಅಭ್ಯಾಸಬಲದಿಂದ ಷರ್ಟಿನಂತೆ ತೋಳಿನ ಸುತ್ತನ್ನು ಬಾಗಿಸಿ ಕತ್ತರಿಸುತ್ತಾನೆ, ಬೆನ್ನಿಗೆ ಜಿಪ್ಪು ಇಡುತ್ತಾನೆ. ಪಾತ್ರಧಾರಿ ಕತ್ತಿ ಎತ್ತಿದ್ದೇ ತಡ, ಅಂಗಿಯ ಒಂದು ಪಕ್ಕ ಪೂರ್ತಿ ಮೇಲೇರಿ ನಡುಕಟ್ಟು ಜಾರುತ್ತದೆ. ಅದರ ಬದಲು ಬಟ್ಟೆಯನ್ನು ನೇರ ಪಟ್ಟಿಗಳಾಗಿ ಕತ್ತರಿಸಿ, ಕಂಕುಳಿಗೆ ಒಂದು ಚೌಕ ತುಂಡು ಕೂಡಿಸಿ, ಎರಡೂ ಪಕ್ಕಕ್ಕೆ ಕೆಳಗೆ ಅಗಲವಾಗುವ ಕಲಿಗಳನ್ನು ಕೊಟ್ಟು ನೋಡಿ. ತೋಳು ಮೇಲೆದ್ದಾಗ ಆ ಚೌಕ ಮಾತ್ರ ಬಿಚ್ಚಿಕೊಳ್ಳುತ್ತದೆ, ಉಳಿದ ಬಟ್ಟೆ ಇದ್ದಲ್ಲೇ ಇರುತ್ತದೆ. ಕಲಿಗಳಿಂದ ಘೇರು ಬಂದು ನಡೆಯುವಾಗ ಕಾಲಿಗೆ ತೊಡರುವುದಿಲ್ಲ. ಹಳೇ ಕಾಲದ ಜುಬ್ಬಾಗಳಲ್ಲಿ ಈ ಕ್ರಮ ಇನ್ನೂ ಉಳಿದಿದೆ. ಲೇಪಾಕ್ಷಿಯ ಚಿತ್ರಗಾರ ಕಂಕುಳಿನ ಹೊಲಿಗೆ ತೋರಿಸಿಲ್ಲ, ನಿಜ. ಬಟ್ಟೆ ಹೇಗೆ ಇಳಿಬೀಳುತ್ತದೆಂದು ತೋರಿಸಿದ್ದಾನೆ. ಷರ್ಟಿನ ಕತ್ತರಿಗೆ ಆ ಇಳಿತ ಬರುವುದಿಲ್ಲ. ಇನ್ನು ತೆಳು ಮಲ್ ಬಟ್ಟೆಯಲ್ಲಿ ಒಳಹೊಲಿಗೆ ಹೊರಗೆ ಕಾಣುತ್ತದೆ. ಓವರ್‌ಲಾಕ್ ಓಡಿಸಿದರೆ ಕೆಟ್ಟಿತು, ಅಂಚು ಮಡಿಸಿ ಕೈಹೊಲಿಗೆಯನ್ನೇ ಹಾಕಬೇಕು.

'ಕಬಾಯಿ ತುರುಕರ ಉಡುಪು, ನಮ್ಮ ರಾಯನಿಗೆ ಬೇಡ' ಎನ್ನುವವರಿದ್ದಾರೆ. ವಿಜಯನಗರದ ಅರಸರು 'ಹಿಂದೂರಾಯ ಸುರತ್ರಾಣ' ಎಂದು ಬಿರುದು ಹೊತ್ತವರು; ಸುರತ್ರಾಣ ಎಂದರೆ ಸುಲ್ತಾನ. ಸುಲ್ತಾನನ ಬಿರುದನ್ನು ಹೆಮ್ಮೆಯಿಂದ ತಮ್ಮದು ಮಾಡಿಕೊಂಡವರಿಗೆ ಅವನ ಅಂಗಿ ಮೈಲಿಗೆಯಾದೀತೆ? ಈ ಉಡುಪು ಆಸ್ಥಾನದ ಮರ್ಯಾದೆಯ ಭಾಗವೆಂದು ಇತಿಹಾಸಕಾರ ಫಿಲಿಪ್ ವಾಗನರ್ 1996ರಲ್ಲೇ ವಿವರವಾಗಿ ಬರೆದಿದ್ದಾರೆ. ಆದರೆ ಅವರನ್ನು ಅರೆಬರೆ ಓದಿದ ಉತ್ಸಾಹಿಗಳ ಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚು. ಅವರು ಎಲ್ಲಿ ನೋಡಿದರೂ ರಾಯನಿಗೆ ಕಬಾಯಿ ತೊಡಿಸುತ್ತಾರೆ, ಗುಡಿಯೊಳಗೂ ಬಿಡುವುದಿಲ್ಲ. ತಿರುಮಲೆಯಲ್ಲಿ ತಿರುಮಲದೇವಿ, ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತ ರಾಯನ ಲೋಹದ ಮೂರ್ತಿಯನ್ನು ಇವರು ಗಮನವಿಟ್ಟು ನೋಡಿಲ್ಲ. ಅಲ್ಲಿ ತಲೆಯ ಮೇಲೆ ಎತ್ತರದ ಟೋಪಿ ಇದೆ, ಮೈಮೇಲೆ ಅಂಗಿ ಇಲ್ಲ, ಬರೀ ಧೋತರ. ದೇವರ ಮುಂದೆ ಅಂಗಿ ಕಳಚುವವನು ದರ್ಬಾರಿಗೆ ಬಂದಾಗ ತೊಡುತ್ತಿದ್ದ. ಮೆರವಣಿಗೆಯ ರಾಯ ವಿರೂಪಾಕ್ಷನ ಗುಡಿ ಹೊಗುವಾಗ ಕಬಾಯಿ ತೆಗೆದಿಟ್ಟರೆ, ಈ ಇಡೀ ಚರ್ಚೆ ಜನರಿಗೆ ಒಂದು ನೋಟದಲ್ಲಿ ಅರ್ಥವಾಗುತ್ತದೆ.

ಮಲ್ ಬಟ್ಟೆ ಮಖಮಲ್ಲಿಗಿಂತ ದುಬಾರಿಯೇನಲ್ಲ. ಉತ್ಸವ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ವೇಷಭೂಷಣದ ಬಾಡಿಗೆ ಅಂಗಡಿಗೆ ಹೋಗುವ ಮೊದಲು ನಿಮ್ಮ ಟೈಲರನ್ನು ಲೇಪಾಕ್ಷಿಗೆ ಕರೆದೊಯ್ಯಿರಿ. ಹಿಂದೂಪುರದ ಪಕ್ಕದಲ್ಲೇ ಇದೆ.