ದಾಸ, ಮಗ, ವಾರಸುದಾರ: ಪೌಲನ ಒಂದು ರೂಪಕದ ಕನ್ನಡ ಓದು

ಗಲಾತ್ಯದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ವಿಶ್ವಾಸಿಯನ್ನು ಗುಲಾಮಗಿರಿಯಿಂದ ಪುತ್ರತ್ವಕ್ಕೆ, ಅಲ್ಲಿಂದ ವಾರಸುದಾರಿಕೆಗೆ ಕರೆದೊಯ್ಯುತ್ತಾನೆ. ಗ್ರೀಕಿನ ‘ದೂಲೊಸ್’ ಎಂದರೆ ಕೊಳ್ಳಲು, ಮಾರಲು ಬರುವ ಆಳು. ಕನ್ನಡ ಸತ್ಯವೇದವು ಅದನ್ನು ‘ದಾಸ’ ಎಂದಿದೆ. ನಾಗಲದಿನ್ನೆಯಂಥ ಊರಿನಲ್ಲಿ ಈ ಆಯ್ಕೆಯ ತೊಡಕು ಎದ್ದು ಕಾಣುತ್ತದೆ. ಅದೇ ತುಂಗಭದ್ರೆಯ ದಡದಲ್ಲಿ ಮಂತ್ರಾಲಯವಿದೆ. ಹರಿದಾಸ ಪರಂಪರೆಯಲ್ಲಿ ದಾಸನೆನಿಸುವುದು ಬಿಡುಗಡೆಯೇ ಹೊರತು ಬಂಧನವಲ್ಲ. ಹೀಗಾಗಿ ಪೌಲನ ವೈದೃಶ್ಯದ ಮೊನೆ ಇಲ್ಲಿ ಮೊಂಡಾಗುತ್ತದೆ. ‘ಜೀತದಾಳು’ ಎಂದಿದ್ದರೆ ದಲಿತ ಕೇಳುಗನಿಗೆ ಅದು ನೇರವಾಗಿ ನಾಟುತ್ತಿತ್ತು. ಆದರೆ ಪೌಲನು ತನ್ನನ್ನೂ ಕ್ರಿಸ್ತನ ‘ದೂಲೊಸ್’ ಎಂದೇ ಕರೆದುಕೊಳ್ಳುತ್ತಾನೆ. ಅಲ್ಲಿ ‘ದಾಸ’ವೇ ಹೊಂದುತ್ತದೆ. ಕನ್ನಡದ ಒಂದೇ ಪದ ಎರಡೂ ಅರ್ಥಗಳನ್ನು ಹೊರಲಾರದು.

‘ಮಗ’ ಎಂಬುದಕ್ಕೆ ಈ ಇಕ್ಕಟ್ಟಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತನ್ನ ಹಿರಿಯರೆಂದ ಬಸವಣ್ಣನ ವಚನಗಳಿಂದ ಹುಟ್ಟನ್ನು ಮೀರಿದ ಬಂಧುತ್ವ ಕನ್ನಡಕ್ಕೆ ಪರಿಚಿತ. ಉಳಿಯುವುದು ವಾರಸುದಾರಿಕೆಯ ಪ್ರಶ್ನೆ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಕ್ರೈಸ್ತನಾದ ದಲಿತನು ಆ ಪಟ್ಟಿಯಿಂದ ಹೊರಗುಳಿಯುತ್ತಾನೆ. ಆಂಧ್ರಪ್ರದೇಶದಲ್ಲಿ ಅವನು ಹಿಂದುಳಿದ ವರ್ಗಗಳ ‘ಸಿ’ ಗುಂಪಿಗೆ ಸೇರುತ್ತಾನೆ. ಪಠ್ಯವು ವಾರಸುದಾರನೆಂದವನನ್ನು ದಾಖಲೆಯು ಹಕ್ಕಿನಿಂದ ಹೊರಗಿಡುತ್ತದೆ. ‘ದೇವರ ಮಗ’ ಎಂಬ ಗುರುತನ್ನು ಈ ಬಿರುಕಿನಲ್ಲಿಟ್ಟೇ ಓದಬೇಕಾಗುತ್ತದೆ.