ಮೂರು ವಾಕ್ಯಗಳಲ್ಲಿ ಮುಗಿದುಹೋದ ಕಲ್ಲಿನ ಧೂಳು

ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ಜೀವಶಾಸ್ತ್ರ ಪುಸ್ತಕವನ್ನು ನಮ್ಮ ಪಿಯುಸಿ ವಿದ್ಯಾರ್ಥಿಗಳೂ ಓದುತ್ತಾರೆ. ಅದರಲ್ಲಿ ಉಸಿರಾಟದ ಅಧ್ಯಾಯದ ಕೊನೆಗೆ, ವೃತ್ತಿಯಿಂದ ಬರುವ ಶ್ವಾಸಕೋಶದ ತೊಂದರೆಗಳ ಬಗ್ಗೆ ಒಂದು ಪುಟ್ಟ ಪ್ಯಾರಾ ಇದೆ. ಒಟ್ಟು ಮೂರು ವಾಕ್ಯ. ಕಲ್ಲು ಒಡೆಯುವ, ಅರೆಯುವ ಉದ್ದಿಮೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಗೆ ನಿಭಾಯಿಸಲಾಗದಷ್ಟು ಧೂಳು ಏಳುತ್ತದೆ. ಬಹುಕಾಲ ಸೇವಿಸಿದರೆ ಉರಿಯೂತವಾಗಿ ಶ್ವಾಸಕೋಶ ನಾರುಗಟ್ಟುತ್ತದೆ. ಕಾರ್ಮಿಕರು ಮುಖಗವಸು ಧರಿಸಬೇಕು. ಸಾರಾಂಶ ಇಷ್ಟೇ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮೊದಲೆರಡು ವಾಕ್ಯಗಳು ರೋಗದ ಕಾರಣವನ್ನು ಅರ್ಧಕ್ಕೇ ಬಿಡುತ್ತವೆ, ಮೂರನೆಯದು ಪರಿಹಾರವನ್ನು ತಲೆಕೆಳಗು ಮಾಡುತ್ತದೆ. ಜಲ್ಲಿ ಕ್ರಷರುಗಳ ಪಕ್ಕದ ಊರುಗಳಿಂದ ಬರುವ ಮಕ್ಕಳಿಗೆ ಪಾಠ ಹೇಳುವ ಅಧ್ಯಾಪಕರು ಇದನ್ನು ಹಾಗೆಯೇ ಓದಿ ಮುಂದೆ ಹೋಗುವಂತಿಲ್ಲ.

ಮೊದಲನೆಯ ಕೊರತೆ, ಸಿಲಿಕಾ ಎಂಬ ಪದವೇ ಅಲ್ಲಿಲ್ಲ. ಎಲ್ಲ ಧೂಳೂ ಒಂದೇ ಅಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಸ್ಫಟಿಕರೂಪದ ಸಿಲಿಕಾ, ಅಂದರೆ ಬೆಣಚು, ತೂಕದಲ್ಲಿ ಸುಮಾರು ನಾಲ್ಕನೆಯ ಒಂದರಿಂದ ಮೂರನೆಯ ಒಂದು ಭಾಗದಷ್ಟು ಬಿಡಿಯಾಗಿ ಇರುತ್ತದೆ. ಉತ್ತರ ಕರ್ನಾಟಕದ ಕಪ್ಪು ಬಸಾಲ್ಟಿನ ರಾಸಾಯನಿಕ ವಿಶ್ಲೇಷಣೆಯಲ್ಲೂ ಸಿಲಿಕಾ ಅರ್ಧದಷ್ಟು ಕಾಣುತ್ತದೆ. ಆದರೆ ಅದು ಬಹುಪಾಲು ಬೇರೆ ಖನಿಜಗಳೊಳಗೆ ಬಂಧಿತವಾದ ಸಿಲಿಕಾ. ಈ ವ್ಯತ್ಯಾಸ ತಿಳಿಯದ ವಿದ್ಯಾರ್ಥಿಗೆ ಎರಡೂ ಜಲ್ಲಿ ಒಂದೇ. ಶ್ವಾಸಕೋಶಕ್ಕೆ ಒಂದೇ ಅಲ್ಲ. ವಾಯುಕೋಶ ತಲುಪಿದ ಬೆಣಚಿನ ಕಣವನ್ನು ನುಂಗಿದ ಭಕ್ಷಕಕೋಶ ಅದನ್ನು ಅರಗಿಸಲಾರದೆ ತಾನೇ ಸಾಯುತ್ತದೆ. ಕಣ ಹೊರಬೀಳುತ್ತದೆ, ಇನ್ನೊಂದು ಕೋಶ ಅದನ್ನು ನುಂಗುತ್ತದೆ. ಕೆಲಸ ಬಿಟ್ಟ ಮೇಲೂ ಸಿಲಿಕೋಸಿಸ್ ಮುಂದುವರಿಯಲು ಇದೇ ಕಾರಣ. ಗಟ್ಟಿಯಾದ ನಾರನ್ನು ಮತ್ತೆ ಮೃದು ಮಾಡುವ ಔಷಧವಿಲ್ಲ. ಕ್ಷಯ ತಗಲುವ ಸಂಭವವೂ ಇಂಥವರಲ್ಲಿ ಹೆಚ್ಚು; ಎಷ್ಟೋ ವೇಳೆ ಸಿಲಿಕೋಸಿಸ್ ಅನ್ನೇ ಕ್ಷಯವೆಂದು ತಿಳಿದು ಔಷಧ ಕೊಡುವುದೂ ಉಂಟು. ವೃತ್ತಿಮೂಲದ ಸ್ಫಟಿಕ ಸಿಲಿಕಾವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ಮಾನವನಿಗೆ ಕ್ಯಾನ್ಸರ್‌ಕಾರಕವೆಂದು ಮೊದಲ ಗುಂಪಿಗೆ ಸೇರಿಸಿದೆ.

ಎರಡನೆಯದು ನನ್ನ ವಿಷಯಕ್ಕೆ ಹತ್ತಿರವಾದದ್ದು. ‘ನಿಭಾಯಿಸಲಾಗದಷ್ಟು ಧೂಳು’ ಎಂದರೆ ಓದುಗನ ಮನಸ್ಸಿಗೆ ಬರುವುದು ದಟ್ಟವಾದ ಬಿಳಿ ಮೋಡ. ಕಣ್ಣಿಗೆ ಕಾಣುವ ಆ ಮೋಡದ ದೊಡ್ಡ ಕಣಗಳು ಮೂಗು, ಗಂಟಲಿನಲ್ಲೇ ಸಿಕ್ಕಿಬೀಳುತ್ತವೆ. ವಾಯುಕೋಶದವರೆಗೆ ಹೋಗುವವು ಸುಮಾರು 4-5 ಮೈಕ್ರೋಮೀಟರಿಗಿಂತ ಸಣ್ಣವು. ಸ್ಟೋಕ್ಸ್ ಸೂತ್ರವನ್ನು ವಿದ್ಯಾರ್ಥಿಗಳು ಸ್ನಿಗ್ಧತೆಯ ಪಾಠದಲ್ಲಿ ಕಲಿತಿರುತ್ತಾರೆ. ಅದನ್ನು ಇಲ್ಲಿ ಹಾಕಿ ನೋಡಿ. ನಿಶ್ಚಲ ಗಾಳಿಯಲ್ಲಿ ಒಂದೂವರೆ ಮೀಟರ್ ಎತ್ತರದಿಂದ, ಅಂದರೆ ನಿಂತವನ ಮೂಗಿನ ಮಟ್ಟದಿಂದ, 10 ಮೈಕ್ರೋಮೀಟರ್ ವ್ಯಾಸದ ಬೆಣಚಿನ ಕಣ ನೆಲ ಸೇರಲು ಸುಮಾರು 3 ನಿಮಿಷ ಸಾಕು. 1 ಮೈಕ್ರೋಮೀಟರಿನ ಕಣಕ್ಕೆ 5 ಗಂಟೆಗೂ ಹೆಚ್ಚು ಬೇಕು. ಯಂತ್ರ ನಿಂತು, ಧೂಳು ‘ಕೂತ’ ಮೇಲೆ ಊಟಕ್ಕೆ ಅಲ್ಲೇ ಕುಳಿತವರು ಉಸಿರಾಡುವುದು ಈ ಕಾಣದ ಧೂಳನ್ನು.

ಅಳತೆಯಲ್ಲೂ ಇದೇ ತೊಡಕು. ಪರಿಸರ (ಸಂರಕ್ಷಣೆ) ನಿಯಮಗಳ ಅಡಿಯಲ್ಲಿ ಕ್ರಷರಿಗೆ ಗೊತ್ತುಮಾಡಿದ ಮಿತಿ, ಘನಮೀಟರಿಗೆ 600 ಮೈಕ್ರೋಗ್ರಾಂ ತೇಲುಕಣ. ಇದು ಒಟ್ಟು ಧೂಳಿನ ತೂಕ. ತೂಕ ವ್ಯಾಸದ ಘನಕ್ಕೆ ಅನುಪಾತದಲ್ಲಿರುವುದರಿಂದ 10 ಮೈಕ್ರೋಮೀಟರಿನ ಒಂದೇ ಕಣ 1 ಮೈಕ್ರೋಮೀಟರಿನ ಸಾವಿರ ಕಣಗಳಿಗೆ ಸಮ. ದಪ್ಪ ಧೂಳನ್ನು ತಗ್ಗಿಸಿ ತೂಕವನ್ನು ಮಿತಿಯೊಳಗೆ ತರಬಹುದು, ಅಪಾಯದ ಧೂಳು ಹಾಗೆಯೇ ಉಳಿಯಬಹುದು. ಆ ಮಿತಿ ಸುತ್ತಣ ಪರಿಸರಕ್ಕಾಗಿ ಮಾಡಿದ್ದು, ಕಾರ್ಮಿಕನ ಶ್ವಾಸಕೋಶಕ್ಕಾಗಿ ಅಲ್ಲ ಎನ್ನಬಹುದು, ಸರಿ. ಕಾರ್ಮಿಕನಿಗಾಗಿ 1948ರ ಕಾರ್ಖಾನೆಗಳ ಕಾಯಿದೆ ಕೊಟ್ಟ ಸೂತ್ರವನ್ನು ನೋಡೋಣ: ಒಳಸೇರಬಲ್ಲ ಧೂಳಿಗೆ ಘನಮೀಟರಿಗೆ 10/(ಬೆಣಚಿನ ಶೇಕಡಾ ಪ್ರಮಾಣ + 2) ಮಿಲಿಗ್ರಾಂ. ಶೇಕಡಾ 30 ಬೆಣಚಿರುವ ಧೂಳಿಗೆ ಲೆಕ್ಕ ಹಾಕಿದರೆ 0.31 ಮಿಲಿಗ್ರಾಂ ಧೂಳು, ಅದರಲ್ಲಿ ಸುಮಾರು 94 ಮೈಕ್ರೋಗ್ರಾಂ ಬೆಣಚು. ಅಮೆರಿಕ 2016ರಲ್ಲಿ ಕೆಲಸದ ಸ್ಥಳಗಳಿಗೆ ನಿಗದಿ ಮಾಡಿದ ಮಿತಿ 50 ಮೈಕ್ರೋಗ್ರಾಂ. ಎಲ್ಲವೂ 1 ಮೈಕ್ರೋಮೀಟರಿನ ಕಣಗಳೆಂದುಕೊಂಡರೆ ಈ ಐವತ್ತರಲ್ಲೂ ಘನಮೀಟರಿಗೆ ಮೂರೂವರೆ ಕೋಟಿ ಕಣಗಳಿರುತ್ತವೆ. ಪಾಳಿಯೊಂದರಲ್ಲಿ ದುಡಿಯುವವನು ಸುಮಾರು 10 ಘನಮೀಟರ್ ಗಾಳಿ ಸೇವಿಸುತ್ತಾನೆ.

ಇನ್ನು ಮುಖಗವಸು. ತಲೆಗೆ ಸುತ್ತಿದ ಟವೆಲ್ಲನ್ನೋ ಬಟ್ಟೆಯ ಗವಸನ್ನೋ ದಾಟಿ ಈ ಕಣಗಳು ಬಹುಮಟ್ಟಿಗೆ ಒಳಹೋಗುತ್ತವೆ. ಎನ್-95 ಬಗೆಯದು ತಡೆಯುತ್ತದೆ, ಮುಖಕ್ಕೆ ಸಂದಿಲ್ಲದೆ ಕೂತರೆ ಮಾತ್ರ. ಏಪ್ರಿಲ್ ಬಿಸಿಲಿನಲ್ಲಿ ಎಂಟು ಗಂಟೆ ಅದನ್ನು ಕಟ್ಟಿಕೊಂಡು ಬುಟ್ಟಿ ಹೊರುವುದೆಂದರೇನು ಎಂದು ಬರೆದವರು ಯೋಚಿಸಿದಂತಿಲ್ಲ. ಔದ್ಯೋಗಿಕ ಸುರಕ್ಷತೆಯಲ್ಲಿ ಮುಖಗವಸು ಕೊನೆಯ ಸಾಧನ. ಅದಕ್ಕೆ ಮೊದಲು ಧೂಳು ಏಳದಂತೆ ಮಾಡಬೇಕು, ಎದ್ದದ್ದನ್ನು ಕವಚದೊಳಗೆ ಹಿಡಿದು ಹೀರಬೇಕು. ಇವೆಲ್ಲ ಮಾಲೀಕನ ಹೊಣೆ. ‘ಕಾರ್ಮಿಕರು ಧರಿಸಬೇಕು’ ಎಂಬ ವಾಕ್ಯ ಆ ಹೊಣೆಯನ್ನು ಸದ್ದಿಲ್ಲದೆ ಕೂಲಿಯವನ ಮುಖಕ್ಕೆ ಕಟ್ಟಿಬಿಡುತ್ತದೆ. ಗುಜರಾತಿನ ಬೆಣಚು ಪುಡಿಮಾಡುವ ಘಟಕಗಳಲ್ಲಿ ದುಡಿದು ಸತ್ತ ಮಧ್ಯಪ್ರದೇಶದ 238 ಕಾರ್ಮಿಕರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಗುಜರಾತ್ ಸರ್ಕಾರಕ್ಕೆ.

ನೀರು ಚಿಮುಕಿಸುವುದರಲ್ಲೂ ವಿವೇಕ ಬೇಕು. ಗಾಳಿಗೆ ಏರಿದ ಸೂಕ್ಷ್ಮ ಕಣ, ದೊಡ್ಡ ಹನಿಯ ಸುತ್ತ ಹರಿಯುವ ಗಾಳಿಯೊಡನೆ ಬಳಸಿ ಹೋಗಿಬಿಡುತ್ತದೆ, ಹನಿಗೆ ತಾಗುವುದೇ ಇಲ್ಲ. ಆದ್ದರಿಂದ ಕಲ್ಲು ಒಡೆಯುವ ಬಾಯಲ್ಲೇ, ಜಲ್ಲಿ ಬೀಳುವ ಕಡೆಯಲ್ಲೇ ಒದ್ದೆ ಮಾಡಬೇಕು. ಎಂ-ಸ್ಯಾಂಡ್ ಬಳಸುವ ಮನೆ ಕಟ್ಟುವ ಜಾಗದಲ್ಲೂ ಅಷ್ಟೇ: ರಾಶಿ ತೇವವಾಗಿರಲಿ, ಲಾರಿಗೆ ಟಾರ್ಪಾಲು ಇರಲಿ, ಒಣಗುಡಿಸುವುದು ಬೇಡ, ಗಾಳಿ ಪೈಪಿನಿಂದ ಬಟ್ಟೆ ಕೊಡವುವುದು ಖಂಡಿತ ಬೇಡ.

ತರಗತಿಯಲ್ಲಿ ತೋರಿಸಬೇಕೆಂದರೆ ಒಣ ಕಲ್ಲುಪುಡಿಯನ್ನು ಎಂದೂ ಕೊಡವಬೇಡಿ. ಒದ್ದೆ ಮಾಡಿ ತಂದ ಒಂದು ಚಮಚ ಕ್ರಷರ್ ಪುಡಿಯನ್ನು ನೀರು ತುಂಬಿದ ಅಳತೆ ಜಾಡಿಗೆ ಹಾಕಿ ಕಲಕಿ. 20 ಸೆಂಟಿಮೀಟರ್ ಆಳದಲ್ಲಿ 100 ಮೈಕ್ರೋಮೀಟರಿನ ಕಣಗಳು ಅರ್ಧ ನಿಮಿಷದೊಳಗೆ ತಳ ಸೇರುತ್ತವೆ, 10ರವು ಸುಮಾರು 40 ನಿಮಿಷಕ್ಕೆ. ಜಾಡಿಯನ್ನು ಮುಟ್ಟದೆ ಬಿಡಿ. ಎರಡನೆಯ ದಿನವೂ ನೀರು ಮಸುಕಾಗಿದ್ದರೆ, ಏಕೆ ಎಂದು ಮಕ್ಕಳನ್ನೇ ಕೇಳಿ. ಆಮೇಲೆ ಆ ಮೂರು ವಾಕ್ಯಗಳನ್ನು ತಿದ್ದಿ ಬರೆಯಲು ಹೇಳಿ.